ಖಾರದಿಂದ ಬ್ಯಾನಿ ಕಡಿಮಿ ಆಗ್ತದ ಅಂತ ಸುದ್ದಿ: ಬ್ಯಾಡಗಿ ಮೆಣಸಿನಕಾಯಿ ಅರೆದು ಹಚ್ಚಬಹುದಾ?

ಹಾವೇರಿ_ಸೊಸಿ

ಎಲ್ಲರಿಗೂ ನಮಸ್ಕಾರ್ರಿ. ನಮ್ಮ ಅತ್ತಿಯವರಿಗೆ 68 ವರ್ಷ, ಶುಗರ್ ಇದೆ. ಬಲ ಎದೆಯಿಂದ ಬೆನ್ನಿನವರೆಗೆ ಸರ್ಪಸುತ್ತು ಆಗಿತ್ತು. ಗುಳ್ಳೆ ಒಣಗಿ ನಾಲ್ಕು ತಿಂಗಳಾದರೂ ಉರಿ ಹೋಗಿಲ್ಲ, ಸೀರೆಯ ಸೆರಗು ತಾಗಿದರೂ ಕರೆಂಟ್ ಹೊಡೆದಂಗಾಗುತ್ತದೆ ಅಂತಾರೆ. ಎರಡೂ ಮೊಣಕಾಲು ನೋವು ಬೇರೆ. ಸದ್ಯ ರಾತ್ರಿ ನರದ ನೋವಿಗೆ ಗ್ಯಾಬಾಪೆಂಟಿನ್ 300 ಮಿಲಿಗ್ರಾಂ ಒಂದು, ಬಿಪಿಗೆ ರ‍್ಯಾಮಿಪ್ರಿಲ್, ಶುಗರ್ ಮಾತ್ರೆ ನಡೆದಿವೆ.

ವಿದೇಶದ ಒಂದು ವಿಶ್ವವಿದ್ಯಾಲಯದ ದೀರ್ಘಕಾಲದ ನೋವಿನ ಸಂಶೋಧನಾ ಕೇಂದ್ರದ ಸುದ್ದಿ ಅಂತ ವಾಟ್ಸಾಪಿನಲ್ಲಿ ಒಂದು ಬರಹ ಬಂದಿದೆ. ಅದರಲ್ಲಿ ಮೂರು ವಿಷಯ ಇವೆ. ಮೆಣಸಿನಕಾಯಿಯ ಖಾರದ ಅಂಶದ ಪಟ್ಟಿ ಹಚ್ಚಿದರೆ ಸರ್ಪಸುತ್ತಿನ ನಂತರದ ನರದ ನೋವು ಮೂರು ತಿಂಗಳು ಇಳಿಯುತ್ತದಂತೆ. ಅದಕ್ಕಿಂತ ಸಾವಿರ ಪಟ್ಟು ಖಾರದ ಒಂದು ಇಂಜೆಕ್ಷನ್ ಮೊಣಕಾಲಿಗೆ ಬರಲಿದೆಯಂತೆ. ಮತ್ತೆ ಚಟ ಹತ್ತದ ಹೊಸ ನೋವಿನ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆಯಂತೆ. ಇದನ್ನು ಓದಿದ ಮೇಲೆ ಮನೆಯಲ್ಲಿ ಎಲ್ಲರದೂ ಒಂದೇ ಮಾತು: "ಬ್ಯಾಡಗಿ ಪಕ್ಕದಾಗ ಇಟ್ಕೊಂಡು ವಿದೇಶದ ಪಟ್ಟಿ ಯಾಕ? ಎಣ್ಣಿಯೊಳಗ ಖಾರಪುಡಿ ಕಲಸಿ ಹಚ್ಚಿದ್ರಾತು." ಮೆಣಸಿನಕಾಯಿ ತೊಟ್ಟು ಬಿಡಿಸೋ ಹೆಣ್ಮಕ್ಕಳಿಗೆ ದಿನಾ ಮಾಡಿ ಮಾಡಿ ಕೈಉರಿ ಹತ್ತದೇ ಹೋಗುತ್ತದಲ್ಲ, ಅದೇ ತತ್ವ ಅಂತಾರೆ. ಹಚ್ಚಬಹುದಾ? ಬ್ಯಾಡ ಅಂದರೆ ಯಾಕೆ ಬ್ಯಾಡ ಅಂತ ಅವರಿಗೆ ಬಿಡಿಸಿ ಹೇಳುವಂತೆ ಬರೆಯಿರಿ.

ಗದಗ_ಔಷಧ_ಅಂಗಡಿ

ಹಚ್ಚಬೇಡಿ. ತತ್ವ ಅರ್ಧ ಸರಿ ಇದೆ, ಅಳತೆ ಪೂರ್ತಿ ತಪ್ಪು.

ಖಾರದ ಅಂಶಕ್ಕೆ ಕ್ಯಾಪ್ಸೈಸಿನ್ ಅಂತ ಹೆಸರು. ಔಷಧವಾಗಿ ಸಿಗುವ ಕ್ರೀಮಿನಲ್ಲಿ ಅದು ಶೇ. 0.025 ಇಲ್ಲವೇ ಶೇ. 0.075 ಇರುತ್ತದೆ. ಅಂದರೆ 100 ಗ್ರಾಂ ಕ್ರೀಮಿನಲ್ಲಿ 25 ಅಥವಾ 75 ಮಿಲಿಗ್ರಾಂ. ಒಂದು ಸಲಕ್ಕೆ ಅರ್ಧ ಗ್ರಾಂ ಕ್ರೀಮ್ ಹಚ್ಚಿದರೆ ಚರ್ಮಕ್ಕೆ ಬೀಳುವುದು 0.125 ಮಿಲಿಗ್ರಾಂ, ಶೇ. 0.025ರ ಲೆಕ್ಕದಲ್ಲಿ. ಈಗ ಖಾರಪುಡಿಗೆ ಬನ್ನಿ. ಖಾರ ಅಳೆಯುವ ಮಾನ ಸ್ಕೋವಿಲ್; ಶುದ್ಧ ಕ್ಯಾಪ್ಸೈಸಿನ್ 1.6 ಕೋಟಿ ಸ್ಕೋವಿಲ್. ಹಾಗಾಗಿ 16,000 ಸ್ಕೋವಿಲ್ ತೂಗುವ ಪುಡಿಯಲ್ಲಿ ಅದು ಶೇ. 0.1 ಇದೆ ಎಂದರ್ಥ. ಅಂಥ ಪುಡಿ 5 ಗ್ರಾಂ ತೆಗೆದುಕೊಂಡರೆ 5 ಮಿಲಿಗ್ರಾಂ ಆಯಿತು, ಕ್ರೀಮಿನ ಒಂದು ಸಲದ 40 ಪಟ್ಟು. ಅದರಲ್ಲಿ ಎಷ್ಟು ಎಣ್ಣೆಗೆ ಇಳಿಯುತ್ತದೆ, ಎಷ್ಟು ಕಾಯಿಯ ಚೂರಿನಲ್ಲೇ ಉಳಿಯುತ್ತದೆ ಅನ್ನುವುದು ಎಣ್ಣೆ, ಬಿಸಿ, ನೆನೆಸಿದ ಹೊತ್ತಿನ ಮೇಲೆ ಹೋಗುತ್ತದೆ. ಒಂದು ಬೆರಳಗಲದಲ್ಲಿ ಏನೂ ಆಗದೆ ಪಕ್ಕದಲ್ಲೇ ಬೊಬ್ಬೆ ಏಳುವುದು ಇದೇ ಕಾರಣಕ್ಕೆ. ಶುಗರ್ ಇದ್ದವರ ಚರ್ಮದಲ್ಲಿ ಆ ಬೊಬ್ಬೆ ಒಡೆದರೆ ಒಣಗುವುದೂ ತಡ.

ಕ್ರೀಮ್ ತಂದರೂ ಹತ್ತರಲ್ಲಿ ಎಂಟು ಜನ ವಾರದೊಳಗೆ ಬಿಟ್ಟುಬಿಡುತ್ತಾರೆ (ಇದು ಕೌಂಟರಿನ ಅಂದಾಜು, ಸಂಶೋಧನೆಯ ಲೆಕ್ಕವಲ್ಲ). ಹಚ್ಚುವ ರೀತಿ ತಪ್ಪುವುದೇ ಇದಕ್ಕೆ ಕಾರಣ. ಸರಿಯಾದ ರೀತಿ ಹೀಗಿದೆ:

ಚರ್ಮ ಒಣಗಿರಬೇಕು, ತಣ್ಣಗಿರಬೇಕು, ಗಾಯ ಇರಬಾರದು. ಬಿಸಿನೀರ ಸ್ನಾನ ಆದ ಕೂಡಲೇ ಹಚ್ಚಿದರೆ ಉರಿ ಇಮ್ಮಡಿ. ಕೈಗೆ ನೈಟ್ರೈಲ್ ಗವಸು ಹಾಕಿ ಬಟಾಣಿಕಾಳಿನಷ್ಟು ತೆಗೆದುಕೊಂಡು, ತೆಳ್ಳಗೆ, ಬಿಳಿ ಕಾಣದಂತೆ ಸವರಿ. ದಿನಕ್ಕೆ 3ರಿಂದ 4 ಸಲ, ನಡುವೆ ಕನಿಷ್ಠ 4 ತಾಸು. ಮೇಲೆ ಪಟ್ಟಿ ಬಿಗಿಯಬಾರದು, ಬಿಸಿನೀರ ಚೀಲ ಇಡಬಾರದು. ಗವಸು ತೆಗೆದ ಮೇಲೂ ಸಾಬೂನಿನಿಂದ ಕೈ ತೊಳೆಯಿರಿ. ದಪ್ಪಗೆ ಬಳಿದರೆ ಅದು ಒಣಗಿ ಪುಡಿಯಾಗಿ ಹಾಸಿಗೆಯಲ್ಲಿ ಉದುರುತ್ತದೆ, ಮೂಗಿಗೆ ಹೋಗಿ ಸೀನು, ಕೆಮ್ಮು ಬರುತ್ತದೆ.

ಮೊದಲ ಒಂದೆರಡು ವಾರ ಉರಿಯುವುದು ಸಹಜ. ಬಿಡದೆ ಹಚ್ಚಿದರೆ ಉರಿ ದಿನದಿಂದ ದಿನಕ್ಕೆ ಇಳಿಯುತ್ತದೆ. ನೋವು ಇಳಿಯಲು 2ರಿಂದ 4 ವಾರ, ನರದ ನೋವಿಗೆ ಇನ್ನೂ ಹೆಚ್ಚು. "ನೋವಾದಾಗ ಮಾತ್ರ" ಅಂತ ಎರಡು ದಿನಕ್ಕೊಮ್ಮೆ ಹಚ್ಚುವವರಿಗೆ ಪ್ರತಿ ಸಲವೂ ಹೊಸ ಉರಿ, ಲಾಭ ಸೊನ್ನೆ. ನರದ ತುದಿ ಸುಮ್ಮನಾಗುವಷ್ಟು ಹೊತ್ತು ಅವರು ಅದಕ್ಕೆ ಕೊಡುವುದೇ ಇಲ್ಲ.

ಇನ್ನೊಂದು ಮಾತು. ಅತ್ತೆಯವರಿಗೆ ರ‍್ಯಾಮಿಪ್ರಿಲ್ ಇದೆ ಅಂದಿರಿ. ಹೆಸರಿನ ಕೊನೆಗೆ "ಪ್ರಿಲ್" ಬರುವ ಬಿಪಿ ಮಾತ್ರೆಗಳಿಂದ ಕೆಲವರಿಗೆ ಒಣಕೆಮ್ಮು ಬರುವುದುಂಟು, ಕ್ಯಾಪ್ಸೈಸಿನ್ ಹಚ್ಚಿದರೆ ಅದು ಹೆಚ್ಚಬಹುದು. ಶುರು ಮಾಡುವ ಮೊದಲು ವೈದ್ಯರಿಗೆ ತಿಳಿಸಿ.

ಮೋಟೆಬೆನ್ನೂರ_ಮೆಣಸಿನಕಾಯಿ

ಔಷಧದ ಮಾತು ತಿಳದವರು ಹೇಳ್ಯಾರ. ಕಾಯಿ ಬಗ್ಗೆ ನಾ ಹೇಳ್ತೀನಿ.

ಬ್ಯಾಡಗಿ ಹೆಸರಾದದ್ದು ಖಾರಕ್ಕಲ್ಲರಿ, ಬಣ್ಣಕ್ಕ. ಡಬ್ಬಿ ತಳಿ ಇರ್ಲಿ ಕಡ್ಡಿ ತಳಿ ಇರ್ಲಿ, ಖಾರ ಕಡಿಮಿ, ಕೆಂಪು ಜಾಸ್ತಿ. ಅದಕ್ಕ ಓಲಿಯೋರೆಸಿನ್ (ಕಾಯಿಯ ಗಟ್ಟಿ ಸಾರ) ಫ್ಯಾಕ್ಟರಿಯವರು ಬಣ್ಣ ತೆಗಿಯಾಕ ಇದನ್ನ ಒಯ್ತಾರ. 2011ರಾಗ ಜಿಐ (ಊರಿನ ಹೆಸರಿನ ಭೌಗೋಳಿಕ ಗುರುತು) ಸಿಕ್ಕದ್ದೂ ಆ ಗುಣಕ್ಕನ. "ಬ್ಯಾಡಗಿ ಪಕ್ಕದಾಗ ಅದ, ಖಾರದ ಔಷಧ ಮಾಡೂಣು" ಅನ್ನೋದು ಬುಡದಾಗ ತಪ್ಪೈತಿ. ಅದರ ಮ್ಯಾಲ ಈಗ ಸೋಮವಾರ, ಗುರುವಾರ ಮಾರ್ಕೆಟ್ಟಿಗೆ ಬರೋ ಚೀಲದಾಗ 5531 ತಳಿ ಇರ್ತದ, 2043 ತಳಿ ಇರ್ತದ, ಆಂಧ್ರದ ಕಡಿಯ ಮಾಲೂ ಇರ್ತದ. ಅಂಗಡ್ಯಾಗ ಎಲ್ಲಾನೂ "ಬ್ಯಾಡಗಿ" ಅಂತನ ಮಾರ್ತಾರ. ಒಂದು ತಳಿಗೂ ಇನ್ನೊಂದಕ್ಕೂ ಖಾರದಾಗ ಭಾಳ ಫರಕ್ಕದ. ಒಂದ ಗಿಡದಾಗೂ ಮೊದಲ ಬಿಡಸಿದ ಕಾಯಿ ಬ್ಯಾರೆ, ಕಡೀ ಕಾಯಿ ಬ್ಯಾರೆ. ನೀರು ಕಡಿಮಿ ಬಿದ್ದ ಹೊಲದ ಕಾಯಿ ಮತ್ತೂ ಖಾರ. ಚಮಚದ ಲೆಕ್ಕ ಹಿಡದು ಔಷಧ ಮಾಡಾಕ ಆಗಂಗಿಲ್ಲ.

ಖಾರ ಬೀಜದಾಗ ಇರ್ತದ ಅಂತಾರಲ್ಲ, ಅದೂ ಸುಳ್ಳು. ಬೀಜ ಹತ್ಕೊಂಡಿರೋ ಬಿಳಿ ತಿರುಳಿನಾಗ ಇರ್ತದ. ಬೀಜಕ್ಕ ಅದು ಸವರಿರ್ತದ ಅಷ್ಟ.

ತೊಟ್ಟು ಬಿಡಿಸೋರ ಕೈಉರಿಗೆ ನೀರು ಹಾಕಿದ್ರ ಹೋಗಂಗಿಲ್ಲ, ಖಾರ ನೀರಿಗೆ ಕರಗಂಗಿಲ್ಲ. ಮೊದಲ ಅಡಗಿ ಎಣ್ಣಿ ಹಚ್ಚಿ ಚೊಲೋತ್ನಾಗ ತಿಕ್ಕಬೇಕು, ಅರಿವಿಯಿಂದ ಒರಸಬೇಕು, ಆಮ್ಯಾಲ ಪಾತ್ರಿ ತೊಳಿಯೋ ಸಾಬೂನು ಹಚ್ಚಿ ತಣ್ಣೀರಿನಾಗ ತೊಳಕೋಬೇಕು. ಎರಡು ಮೂರು ಸಲ ಹಂಗ ಮಾಡ್ರಿ. ಬಿಸಿನೀರು ಬ್ಯಾಡ. ಕಣ್ಣಿಗೆ ಹತ್ತಿದ್ರ ಮಾತ್ರ ಎಣ್ಣಿ ಮುಟ್ಟಸಬ್ಯಾಡ್ರಿ; ಹದಿನೈದು ನಿಮಿಷ ಬರೇ ನೀರು ಬಿಡ್ರಿ, ಆಮ್ಯಾಲೂ ಕೆಂಪಾಗಿದ್ರ ದವಾಖಾನಿಗೆ ಹೋಗ್ರಿ.

ಅರಿವಳಿಕೆ_ಧಾರವಾಡ

ನೋವಿನ ಚಿಕಿತ್ಸೆ ಮಾಡುವವರ ಕಡೆಯಿಂದ ಕೆಲವು ಮಾತು. ಸುದ್ದಿಯಲ್ಲಿನ ಮೂರು ವಿಷಯಗಳೂ ನಿಜವಾದವೇ. ಆದರೆ ಮೂರೂ ಮೂರು ಬೇರೆ ನೋವಿನ ಬಗ್ಗೆ. ಅದನ್ನು ಒಂದೇ ಉಸಿರಿನಲ್ಲಿ ಬರೆದದ್ದೇ ಗೊಂದಲದ ಮೂಲ.

ಮೊದಲು ಖಾರ ಹೇಗೆ ನೋವು ತೆಗೆಯುತ್ತದೆ ಅನ್ನುವುದು. ನೋವು ಒಯ್ಯುವ ಸಣ್ಣ ನರಗಳ ತುದಿಯಲ್ಲಿ ಟಿಆರ್‌ಪಿವಿ1 ಅಂತ ಒಂದು ಬಾಗಿಲಿದೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖಕ್ಕೆ ಅದು ತೆರೆಯುತ್ತದೆ, ಕ್ಯಾಪ್ಸೈಸಿನ್ ತಾಗಿದರೂ ತೆರೆಯುತ್ತದೆ. ಮೆಣಸಿನಕಾಯಿ ತಿಂದರೆ ಬಾಯಿ "ಸುಡುವುದು" ಅದಕ್ಕೇ. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಜೂಲಿಯಸ್ ತಂಡ 1997ರಲ್ಲಿ ಇದನ್ನು ಗುರುತಿಸಿತು. 2021ರ ವೈದ್ಯಕೀಯ ನೊಬೆಲ್ ಅವರಿಗೂ ಆರ್ಡೆಮ್ ಪಟಪೂಟಿಯನ್ ಅವರಿಗೂ ಬಂತು. (ಹಕ್ಕಿಗಳ ಈ ಬಾಗಿಲು ಕ್ಯಾಪ್ಸೈಸಿನ್‌ಗೆ ತೆರೆಯುವುದಿಲ್ಲ, ಗಿಳಿ ಹಸಿಮೆಣಸಿನಕಾಯಿ ಆರಾಮಾಗಿ ತಿನ್ನುವ ಗುಟ್ಟು ಅದು.) ಬಾಗಿಲು ಹೆಚ್ಚು ಹೊತ್ತು ತೆರೆದಿದ್ದರೆ ಕ್ಯಾಲ್ಸಿಯಂ ಒಳಗೆ ನುಗ್ಗಿ, ನರದ ತುದಿ ಕೆಲಸ ನಿಲ್ಲಿಸಿ ಚರ್ಮದಿಂದ ಹಿಂದೆ ಸರಿಯುತ್ತದೆ. ಕೆಲವು ವಾರ, ತಿಂಗಳುಗಳಲ್ಲಿ ಮತ್ತೆ ಬೆಳೆಯುತ್ತದೆ. ಪಟ್ಟಿಯ ಗುಣ ಮೂರು ತಿಂಗಳಷ್ಟೇ ಇರುವುದಕ್ಕೆ ಇದೇ ಕಾರಣ. ತೊಟ್ಟು ಬಿಡಿಸುವವರ ಕೈ ಒಗ್ಗುವುದರಲ್ಲೂ ಇದರ ಅಂಶ ಇದೆ, ಮನೆಯವರ ಊಹೆ ತೀರಾ ಹುಸಿಯಲ್ಲ.

ಸುದ್ದಿಯಲ್ಲಿನ ಪಟ್ಟಿ ಶೇ. 8ರದು, ಅಂದರೆ ಶೇ. 0.075ರ ಕ್ರೀಮಿನ ನೂರು ಪಟ್ಟನ್ನೂ ಮೀರಿದ ಖಾರ. ಒಂದು ಪಟ್ಟಿ 14ಕ್ಕೆ 20 ಸೆಂಟಿಮೀಟರ್, ಅದರಲ್ಲಿ 179 ಮಿಲಿಗ್ರಾಂ ಕ್ಯಾಪ್ಸೈಸಿನ್. ಅಮೆರಿಕದಲ್ಲಿ ಸರ್ಪಸುತ್ತಿನ ನಂತರದ ನರನೋವಿಗೆ 2009ರಲ್ಲಿ, ಸಕ್ಕರೆ ಕಾಯಿಲೆಯವರ ಪಾದದ ನರನೋವಿಗೆ 2020ರಲ್ಲಿ ಒಪ್ಪಿಗೆ ಸಿಕ್ಕಿತು. ಇದನ್ನು ಮನೆಯಲ್ಲಿ ಹಚ್ಚುವುದಿಲ್ಲ. ನೋವಿರುವ ಜಾಗವನ್ನು ಪೆನ್ನಿನಿಂದ ಗುರುತು ಮಾಡಿ, ಪಟ್ಟಿಯನ್ನು ಆ ಆಕಾರಕ್ಕೆ ಕತ್ತರಿಸಿ, ನೈಟ್ರೈಲ್ ಗವಸು ಹಾಕಿಕೊಂಡು ಅಂಟಿಸುತ್ತಾರೆ. ಲೇಟೆಕ್ಸ್ ಗವಸು ಆಗದು, ಖಾರ ಅದರೊಳಗಿಂದ ಇಳಿಯುತ್ತದೆ. ಎದೆ, ಬೆನ್ನಿಗೆ 60 ನಿಮಿಷ, ಪಾದಕ್ಕೆ 30. ಆ ಹೊತ್ತಿನಲ್ಲಿ ಉರಿಗೆ ಬಿಪಿ ಏರಬಹುದು, ಹಾಗಾಗಿ ನಡುನಡುವೆ ಅಳೆಯುತ್ತಾರೆ, ತಣ್ಣನೆ ಪ್ಯಾಕ್ ಇಡುತ್ತಾರೆ. ತೆಗೆಯುವಾಗ ಒಳಮುಖವಾಗಿ ಮೆಲ್ಲಗೆ ಸುತ್ತಬೇಕು. ಸರ್ರನೆ ಕಿತ್ತರೆ ಖಾರದ ಕಣ ಗಾಳಿಗೆ ಹಾರಿ ಕೋಣೆಯಲ್ಲಿದ್ದವರೆಲ್ಲ ಕೆಮ್ಮುತ್ತಾರೆ. ಮತ್ತೆ ಹಚ್ಚುವುದು ಮೂರು ತಿಂಗಳ ನಂತರವೇ.

ಫಲ ಎಷ್ಟು? 2015ರಲ್ಲಿ ಲ್ಯಾನ್ಸೆಟ್ ನ್ಯೂರಾಲಜಿಯಲ್ಲಿ ಬಂದ ದೊಡ್ಡ ವಿಶ್ಲೇಷಣೆಯ ಪ್ರಕಾರ, ಒಬ್ಬರ ನರನೋವು ಅರ್ಧಕ್ಕೆ ಇಳಿಯಬೇಕಾದರೆ ಸುಮಾರು 11 ಜನರಿಗೆ ಈ ಪಟ್ಟಿ ಹಚ್ಚಬೇಕು. ಅದೇ ಲೆಕ್ಕ ಅಮಿಟ್ರಿಪ್ಟಿಲಿನ್ ಗುಂಪಿನ ಮಾತ್ರೆಗೆ 3.6, ಪ್ರಿಗ್ಯಾಬಲಿನ್‌ಗೆ 7.7 (ಅಂಕಿ ಕಡಿಮೆ ಇದ್ದಷ್ಟೂ ಒಳ್ಳೆಯದು). ಪಟ್ಟಿ ಕೆಲಸಕ್ಕೆ ಬಾರದು ಅಂತ ಇದರರ್ಥವಲ್ಲ, ಅದರ ಪರೀಕ್ಷೆಯೇ ಕಠಿಣ. ಉರಿಯದ ಸುಳ್ಳು ಪಟ್ಟಿ ಹಚ್ಚಿದರೆ ರೋಗಿಗೆ ಗೊತ್ತಾಗಿಬಿಡುತ್ತದೆ. ಅದಕ್ಕೆ ಹೋಲಿಕೆಗೆ ಶೇ. 0.04ರ ಪಟ್ಟಿ ಬಳಸಿದರು. ಅದೂ ಕೊಂಚ ಉರಿಯುತ್ತದೆ, ಬಹುಶಃ ಕೊಂಚ ಗುಣವೂ ಕೊಡುತ್ತದೆ.

ಅತ್ತೆಯವರ ವಿಷಯಕ್ಕೆ ಬಂದರೆ, ಗ್ಯಾಬಾಪೆಂಟಿನ್ 300 ಅನ್ನುವುದು ಆರಂಭದ ಮೆಟ್ಟಿಲು. ಪ್ರಯೋಗಗಳಲ್ಲಿ ಗುಣ ಕಂಡದ್ದು ದಿನಕ್ಕೆ 1,800 ಮಿಲಿಗ್ರಾಂ ಆಸುಪಾಸಿನಲ್ಲಿ, ಮೂರು ಹೊತ್ತಿಗೆ ಹಂಚಿ. ಆದರೆ 68 ವಯಸ್ಸು, ಜೊತೆಗೆ ಶುಗರ್: ಮೂತ್ರಪಿಂಡ ಎಷ್ಟು ಕೆಲಸ ಮಾಡುತ್ತಿದೆ ಎಂದು ಕ್ರಿಯಾಟಿನಿನ್ ನೋಡದೆ ಏರಿಸುವಂತಿಲ್ಲ. ನೀವಾಗಿ ಏರಿಸಬೇಡಿ, ಫಟ್ಟನೆ ನಿಲ್ಲಿಸಲೂಬೇಡಿ. "ಮಾತ್ರೆ ಕೆಲಸ ಮಾಡಲಿಲ್ಲ" ಎಂದು ತೀರ್ಮಾನಿಸುವ ಮೊದಲು "ಡೋಸ್ ಸಾಕಾಗಿದೆಯಾ" ಅಂತ ವೈದ್ಯರನ್ನು ಕೇಳಿ. ತಲೆ ಸುತ್ತಿ ರಾತ್ರಿ ಬಚ್ಚಲಿಗೆ ಹೋಗುವಾಗ ಬೀಳುವುದು ಈ ವಯಸ್ಸಿನಲ್ಲಿ ದೊಡ್ಡ ಅಪಾಯ, ಡೋಸ್ ಏರಿಸಿದ ವಾರ ಜೊತೆಗೆ ಯಾರಾದರೂ ಇರಲಿ.

ಸೆರಗು ತಾಗಿದರೆ ನೋವು ಅನ್ನುವವರಿಗೆ ಕ್ಯಾಪ್ಸೈಸಿನ್ ಕ್ರೀಮ್ ಸವರುವುದೇ ಹಿಂಸೆ. ಅಂಥಲ್ಲಿ ಶೇ. 5ರ ಲಿಡೋಕೈನ್ ಪಟ್ಟಿ ಮೊದಲು ನೋಡುವುದು ಲೇಸು: ಗಾಯವಿಲ್ಲದ ಚರ್ಮಕ್ಕೆ, 24 ತಾಸಿನಲ್ಲಿ 12 ತಾಸು ಮಾತ್ರ. ಬಟ್ಟೆಯ ಸಂಗತಿ ಸಣ್ಣದೆನಿಸಿದರೂ ಕೆಲಸ ಮಾಡುತ್ತದೆ. ಸಡಿಲ ಬಟ್ಟೆ ಸುಳಿದಾಡಿ ಕೆರಳಿಸುತ್ತದೆ. ಮೆತ್ತನೆ ಹತ್ತಿಯ, ಮೈಗೆ ಹತ್ತಿಕೊಂಡಿರುವ ಒಳಬನಿಯನ್ ಹಾಕಿ ಅದರ ಮೇಲೆ ಸೀರೆ ಉಟ್ಟರೆ ಸವರಿಕೆ ತಪ್ಪುತ್ತದೆ.

ಈ ಚರ್ಚೆ ಓದುವ ಬೇರೆಯವರಿಗೆ: ಸರ್ಪಸುತ್ತು ಹೊಸದಾಗಿ ಎದ್ದಾಗ ಕಾವಿ ಬಳಿದು ಕಾಯಬೇಡಿ. ವೈರಸ್ ತಡೆಯುವ ಮಾತ್ರೆ ಗುಳ್ಳೆ ಎದ್ದ 72 ತಾಸಿನೊಳಗೆ ಶುರುವಾಗಬೇಕು. ಕಣ್ಣಿನ ಸುತ್ತ, ಮೂಗಿನ ತುದಿಯಲ್ಲಿ ಎದ್ದರೆ ಅದೇ ದಿನ ಕಣ್ಣಿನ ವೈದ್ಯರ ಹತ್ತಿರ.

ಫಿಸಿಯೊ_ವಿದ್ಯಾನಗರ

ಮೊಣಕಾಲನ್ನು ಎಲ್ಲರೂ ಬಿಟ್ಟೇಬಿಟ್ಟರಲ್ಲ!

ಔಷಧ ಅಂಗಡಿಯವರ ಮಾತಿಗೆ ಒಂದು ತಿದ್ದುಪಡಿ. ಸವೆದ ಮೊಣಕಾಲಿಗೆ ಹಚ್ಚುವ ಔಷಧಗಳಲ್ಲಿ ಡೈಕ್ಲೊಫೆನಾಕ್ ಜೆಲ್ ಮೊದಲು, ಕ್ಯಾಪ್ಸೈಸಿನ್ ಅದರ ನಂತರ. ಅಮೆರಿಕದ ರುಮಟಾಲಜಿ (ಕೀಲುರೋಗ ವೈದ್ಯರ) ಕಾಲೇಜಿನ 2019ರ ಮಾರ್ಗಸೂಚಿ ಮೊಣಕಾಲಿಗೆ ಕ್ಯಾಪ್ಸೈಸಿನ್ ಅನ್ನು ಷರತ್ತಿನ ಮೇಲೆ ಒಪ್ಪುತ್ತದೆ, ಕೈಬೆರಳ ಕೀಲಿಗೆ ಬೇಡ ಅನ್ನುತ್ತದೆ. ಬೆರಳಿಗೆ ಹಚ್ಚಿದ್ದು ಕಣ್ಣಿಗೆ ಹೋಗದೆ ಬಿಡದು. ಆದರೆ ಇವೆರಡಕ್ಕಿಂತ ಮೊದಲು ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಾಗಬೇಕು. ಟವೆಲ್ ಸುರುಳಿ ಸುತ್ತಿ ಮೊಣಕಾಲಿನ ಕೆಳಗಿಟ್ಟು ಒತ್ತಿ 5 ಸೆಕೆಂಡ್ ಹಿಡಿದು ಬಿಡುವುದು, 10 ಸಲ, ದಿನಕ್ಕೆ ಮೂರು ಹೊತ್ತು. ಒಂದೆರಡು ವಾರದ ನಂತರ ಎತ್ತರದ ಕುರ್ಚಿಯಿಂದ ಕೈ ಊರದೆ ಏಳುವುದು, ಐದರಿಂದ ಶುರು. ಮಾಡುವಾಗ ಹತ್ತಕ್ಕೆ ಮೂರು ನಾಲ್ಕರಷ್ಟು ನೋವು ಇದ್ದರೆ ನಡೆಯುತ್ತದೆ. ಮರುದಿನಕ್ಕೂ ನೋವು ಏರಿಯೇ ಇದ್ದರೆ ಎಣಿಕೆ ಅರ್ಧ ಮಾಡಿ, ನಿಲ್ಲಿಸಬೇಡಿ. ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಕಾಯಿ ಬಿಡಿಸುವ ಕೆಲಸ ಇದ್ದರೆ ಒಂದಡಿ ಎತ್ತರದ ಮಣೆ ಕೊಡಿ.

ಸುದ್ದಿ_ಸೋಸುವವ

ಉಳಿದೆರಡು ಸುದ್ದಿ.

ಹೊಸ ಮಾತ್ರೆಯ ಹೆಸರು ಸುಜೆಟ್ರಿಜಿನ್. 2025ರ ಜನವರಿ 30ರಂದು ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು ಹೌದು, ಆದರೆ ಶಸ್ತ್ರಚಿಕಿತ್ಸೆಯಂಥ ತೀವ್ರ, ಅಲ್ಪಕಾಲದ ನೋವಿಗೆ. ದೊಡ್ಡ ಪ್ರಯೋಗಗಳು ನಡೆದದ್ದು ಕಾಲಿನ ಹೆಬ್ಬೆರಳ ಗಂಟಿನ ಮತ್ತು ಹೊಟ್ಟೆಯ ಚರ್ಮದ ಶಸ್ತ್ರಚಿಕಿತ್ಸೆ ಆದವರಲ್ಲಿ. ದೀರ್ಘಕಾಲದ ನೋವಿನಲ್ಲಿ ಅದರ ಕತೆ ಬೇರೆ. ಸೊಂಟದಿಂದ ಕಾಲಿಗೆ ಇಳಿಯುವ ನರನೋವಿನ ಎರಡನೇ ಹಂತದ ಪ್ರಯೋಗದ ಫಲಿತಾಂಶ 2024ರ ಡಿಸೆಂಬರಿನಲ್ಲಿ ಬಂತು. ಮಾತ್ರೆ ನುಂಗಿದವರ ನೋವು ಹತ್ತು ಅಂಕದ ಅಳತೆಯಲ್ಲಿ 2.02 ಅಂಕ ಇಳಿಯಿತು, ಸುಳ್ಳು ಮಾತ್ರೆ ನುಂಗಿದವರದು 1.98. ಬರೀ ಮೊದಲ ಅಂಕಿ ಓದಿದರೆ "ನೋವು ಎರಡು ಅಂಕ ಇಳಿಸಿದ ಮಾತ್ರೆ" ಅಂತ ತಲೆಬರಹ ಕೊಡಬಹುದು, ಕೊಟ್ಟವರೂ ಇರುತ್ತಾರೆ. ಎಂಥದೇ ನೋವಿನ ಸುದ್ದಿ ಬಂದರೂ ಯಾವ ನೋವು, ಹೋಲಿಕೆಗೆ ಏನು ಕೊಟ್ಟರು, ಎಷ್ಟು ವಾರ ನೋಡಿದರು ಅನ್ನುವ ಮೂರನ್ನು ಹುಡುಕಿ. ಮೂರರಲ್ಲಿ ಒಂದೂ ಬರೆದಿಲ್ಲದಿದ್ದರೆ ಮುಂದಕ್ಕೆ ಕಳಿಸಬೇಡಿ.

ಸಾವಿರ ಪಟ್ಟು ಖಾರದ್ದು ರೆಸಿನಿಫೆರಾಟಾಕ್ಸಿನ್, ಮೊರಾಕ್ಕೋದ ಒಂದು ಕಳ್ಳಿಯ ಹಾಲಿನಿಂದ. ಅದೇ ಟಿಆರ್‌ಪಿವಿ1 ಬಾಗಿಲು. ಮೊಣಕಾಲಿನ ಕೀಲಿನೊಳಗೆ ಚುಚ್ಚುವ ಪ್ರಯೋಗ ಮೂರನೇ ಹಂತಕ್ಕೆ ಬಂದಿದೆ. ಇನ್ನೊಂದು ದಾರಿಯೂ ಇತ್ತು, ಬಾಗಿಲನ್ನು ತೆರೆಯುವ ಬದಲು ಮುಚ್ಚುವ ಮಾತ್ರೆ. ಅದನ್ನು ನುಂಗಿದವರಿಗೆ ಮೈ ಕಾವು ಏರಿತು, ಬಿಸಿ ತಾಗಿದ್ದೂ ಸರಿಯಾಗಿ ತಿಳಿಯದಾಯಿತು. ಖಾರ ಹಚ್ಚಿ ಸುಮ್ಮನಾಗಿಸುವ ಹಳೇ ದಾರಿಗೆ ಸಂಶೋಧಕರು ಮರಳಿದ್ದರಲ್ಲಿ ಈ ತೊಡಕಿನ ಪಾತ್ರವೂ ಇದೆ.

ಪ್ರಯೋಗಕ್ಕೆ ಸೇರಿಕೊಳ್ಳಿ ಅಂತ ಯಾರಾದರೂ ಕರೆದರೆ ಸಿಟಿಆರ್‌ಐ (ಭಾರತದ ಔಷಧ ಪ್ರಯೋಗಗಳ ದಾಖಲೆ) ನೋಂದಣಿ ಸಂಖ್ಯೆ ಕೇಳಿ ಜಾಲತಾಣದಲ್ಲಿ ನೋಡಿಕೊಳ್ಳಿ. ಒಪ್ಪಿಗೆ ಪತ್ರ ಕನ್ನಡದಲ್ಲಿ ಕೊಡಬೇಕು. ಪ್ರಯೋಗದ ಔಷಧಕ್ಕೆ ದುಡ್ಡು ಕೇಳಿದರೆ ಎದ್ದು ಬನ್ನಿ.

ಹಾವೇರಿ_ಸೊಸಿ

ಭಾಳ ಉಪಕಾರ ಆತ್ರಿ. ಖಾರಪುಡಿ ಡಬ್ಬಿ ಅಡಗಿಮನಿಗೆ ವಾಪಸ್ ಹೋತು. ಮನೆಯಲ್ಲಿ ಒಂದು ನೋವಿನ ಟ್ಯೂಬ್ ಇದೆ, ಅದರ ಮೇಲೆ ಕ್ಯಾಪ್ಸೈಸಿನ್ ಶೇ. 0.025, ಡೈಕ್ಲೊಫೆನಾಕ್ ಡೈಈಥೈಲಮೈನ್ ಶೇ. 1.16, ಮಿಥೈಲ್ ಸ್ಯಾಲಿಸಿಲೇಟ್ ಶೇ. 10, ಮೆಂಥಾಲ್ ಶೇ. 5 ಅಂತ ಇದೆ. ಇದನ್ನೇ ಎದೆಗೂ ಮೊಣಕಾಲಿಗೂ ಹಚ್ಚಬಹುದಾ?

ಗದಗ_ಔಷಧ_ಅಂಗಡಿ

ಮೊಣಕಾಲಿಗೆ ಆಗುತ್ತದೆ, ಎದೆಗೆ ಬೇಡ. ಸರ್ಪಸುತ್ತಿನ ನರನೋವಿಗೆ ಡೈಕ್ಲೊಫೆನಾಕ್‌ನಿಂದ ಉಪಯೋಗವಿಲ್ಲ, ಮೆಂಥಾಲ್ ಮತ್ತು ಸ್ಯಾಲಿಸಿಲೇಟ್ ಕೆರಳಿದ ಚರ್ಮವನ್ನು ಇನ್ನೂ ಕೆರಳಿಸುತ್ತವೆ. ಎದೆಗೆ ಬೇಕಾದರೆ ಬರೀ ಕ್ಯಾಪ್ಸೈಸಿನ್ ಇರುವುದು, ಅದೂ ವೈದ್ಯರು ಹೇಳಿದ ಮೇಲೆ. ಮೊಣಕಾಲಿಗೆ ಹಚ್ಚಿದಾಗ ಮೇಲೆ ಬೆಲ್ಟು ಬಿಗಿಯಬೇಡಿ. ಬಿಗಿ ಮತ್ತು ಬಿಸಿ ಎರಡೂ ಸೇರಿದರೆ ಸ್ಯಾಲಿಸಿಲೇಟ್ ಹೆಚ್ಚು ಒಳಗಿಳಿದು ಚರ್ಮ ಸುಡುತ್ತದೆ. ರಕ್ತ ತೆಳು ಮಾಡುವ ವಾರ್ಫರಿನ್ ತೆಗೆದುಕೊಳ್ಳುವವರಿಗೆ ಈ ಟ್ಯೂಬ್ ಕೊಡಬೇಡಿ.

ಅರಿವಳಿಕೆ_ಧಾರವಾಡ

ವೈದ್ಯರ ಹತ್ತಿರ ಹೋಗುವಾಗ ಈ ಟ್ಯೂಬಿನ ಫೋಟೋ, ಎಲ್ಲ ಮಾತ್ರೆಗಳ ಪಟ್ಟಿ, ಇತ್ತೀಚಿನ ಕ್ರಿಯಾಟಿನಿನ್ ಮತ್ತು ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) ವರದಿ ಒಯ್ಯಿರಿ. ದೊಡ್ಡ ಆಸ್ಪತ್ರೆಯಾದರೆ ಅರಿವಳಿಕೆ ವಿಭಾಗದಲ್ಲಿ ಪೇನ್ ಕ್ಲಿನಿಕ್ ಯಾವ ದಿನ ಅಂತ ಓಪಿಡಿ ಕೌಂಟರಿನಲ್ಲಿ ಮೊದಲೇ ವಿಚಾರಿಸಿ. ಅಲ್ಲಿಯವರೆಗೆ ಒಂದು ವಾರ, ಬೆಳಿಗ್ಗೆ ಮತ್ತು ಮಲಗುವ ಮುನ್ನ, ನೋವು ಹತ್ತಕ್ಕೆ ಎಷ್ಟು ಅಂತ ಕ್ಯಾಲೆಂಡರಿನಲ್ಲೇ ಬರೆದಿಡಿ. ಎದೆಯದು ಬೇರೆ, ಮೊಣಕಾಲಿನದು ಬೇರೆ. ಔಷಧ ಬದಲಾದ ಮೇಲೆ ಎರಡು ಅಂಕ ಅಥವಾ ಶೇ. 30ರಷ್ಟು ಇಳಿದರೆ ಅದನ್ನು ನಿಜವಾದ ಸುಧಾರಣೆ ಅಂತ ಎಣಿಸುತ್ತೇವೆ. ರಾತ್ರಿ ಎಷ್ಟು ಸಲ ಎಚ್ಚರವಾಯಿತು ಅನ್ನುವುದನ್ನೂ ಪಕ್ಕದಲ್ಲಿ ಬರೆಯಿರಿ, ಎಷ್ಟೋ ಸಲ ಅಂಕಿಗಿಂತ ಮೊದಲು ನಿದ್ದೆ ಸುಧಾರಿಸುತ್ತದೆ.